ನಿಂಬವ್ವ ಕಣ್ಣು ತೋರಿಸಿಕೊಂಡದ್ದು

ನಮ್ಮೂರಿನಲ್ಲಿ ಬೆಳಗಾದ ಕೂಡಲೇ ಯಾರೂ ಮುಂಬಾಗಿಲು ತೆಗೆಯುವುದಿಲ್ಲ. ಒಲೆ ಹೊತ್ತಿಸುತ್ತಾರೆ, ಮುಖ ತೊಳೆಯುತ್ತಾರೆ, ಮಕ್ಕಳ ತಲೆ ಬಾಚುತ್ತಾರೆ. ಹಾಲಿನವನು ಕ್ಯಾನು ತುಂಬಿಕೊಂಡು ಪಡಸಾಲೆಯಲ್ಲೇ ಸೈಕಲ್ಲಿಗೆ ಒರಗಿ ನಿಂತಿರುತ್ತಾನೆ. ಆದರೆ ಅಗುಳಿಗೆ ಮಾತ್ರ ಯಾರೂ ಕೈ ಹಾಕುವುದಿಲ್ಲ. ಊರ ನಡುವಿನ ಹುಡೇವಿನ ಮೇಲಿಂದ ನನ್ನ ಹೆಂಡತಿ ನಿಂಬವ್ವನ ದನಿ ಬರಬೇಕು. ಹುಡೇವು ಎಂದರೆ ಹಿಂದಿನವರು ಕಲ್ಲು ಮಣ್ಣು ಕಲಸಿ ಕಟ್ಟಿದ ದುಂಡನೆಯ ಬುರುಜು. ಅದರ ನೆತ್ತಿಗೆ ನಿಂತರೆ ಊರು ನಾಲ್ಕೂ ದಿಕ್ಕಿಗೆ ಅಂಗೈ ಬಿಡಿಸಿಟ್ಟಂತೆ ಕಾಣುತ್ತದೆ.

ಕೋಳಿ ಕೂಗುವ ಹೊತ್ತಿಗೆ ನಮ್ಮ ಓಣಿಗಳು ಜಾಗ ಬದಲಿಸುತ್ತವೆ. ಮಲಗಿದವರಿಗೆ ಚಕ್ಕಡಿ ಹಳ್ಳ ದಾಟಿದಷ್ಟು ಕುಲುಕು, ಅಷ್ಟೆ. ಅದಕ್ಕೆಂದೇ ನಮ್ಮ ಹೆಂಗಸರು ಕೊಡವನ್ನು ಕಂಠದವರೆಗೆ ತುಂಬಿಸುವುದಿಲ್ಲ, ಗೋಡೆಯ ದೇವರ ಪಟಕ್ಕೆ ಎರಡು ಮೊಳೆ ಹೊಡೆಯುತ್ತಾರೆ. ಮನೆ ಹುಡುಕಿಕೊಂಡು ಬರುವ ನೆಂಟರಿಗೆ ಮೂಡಲಕ್ಕೆ ಬಾ, ಪಡುವಲಕ್ಕೆ ಬಾ ಎಂದು ನಾವು ಹೇಳುವುದಿಲ್ಲ. ಇಂಥವರ ಮಗ್ಗುಲ ಮನೆ ಎನ್ನುತ್ತೇವೆ. ಓಣಿ ಎಲ್ಲಿಗೆ ಹೋದರೂ ಮಗ್ಗುಲ ಮನೆಯವರು ಮಗ್ಗುಲಲ್ಲೇ ಇರುತ್ತಾರೆ. ನನ್ನಂಥ ದರ್ಜಿಗೆ ಇದರಿಂದ ಅನುಕೂಲವೇ ಆಯಿತು. ಒಂದು ದಿನ ಗಾಣಿಗೇರ ಓಣಿ ಎದುರಿಗೆ ಬಂದರೆ ಅವರ ಅಂಗಿ, ಇನ್ನೊಂದು ದಿನ ಮಸೂತಿ ಓಣಿ ಬಂದರೆ ಅವರ ಪೈಜಾಮ. ಕೂತಲ್ಲೇ ಇಡೀ ಊರಿನ ಮೈ ಅಳತೆ ನನ್ನ ಕೈಗೆ ಸಿಕ್ಕಿದೆ.

ಊರೊಳಗೆ ಬಾವಿ, ಶಾಲೆ, ಹುಡೇವು ಈ ಮೂರೇ ಕದಲದೆ ನಿಂತವು. ಕದಲದ ಇನ್ನೊಂದಿದೆ, ಪಡುವಲ ದಿಕ್ಕಿನ ಹಳೆಯ ಕಲ್ಲುಗಣಿ. ಹಗ್ಗ ಬಿಟ್ಟರೆ ತಳ ಮುಟ್ಟದಷ್ಟು ಆಳ. ದಿನವೂ ಯಾವುದಾದರೂ ಒಂದು ಓಣಿ, ಎಲ್ಲೋ ಒಮ್ಮೆ ಎರಡು, ಅದರ ಅಂಚಿಗೆ ಹೋಗಿ ನಿಲ್ಲುತ್ತವೆ. ಅವತ್ತು ಆ ಓಣಿಯವರು ಹೊಸ್ತಿಲು ದಾಟಿದರೆ ಮುಂದೆ ನೆಲವಿಲ್ಲ. ಹಾಗಾಗಿ ನಿಂಬವ್ವನ ಕೂಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಅದೇ: "ಗಣಿ ದಂಡಿಗೆ ಮಸೂತಿ ಓಣಿ! ಬಾಗಲಾ ಹಿಡೀರಿ!" ಅಂದರೆ ಮುಂಬಾಗಿಲು ತೆಗೆಯಬೇಡಿ, ಇವತ್ತು ಹಿತ್ತಲಿಂದ ಓಡಾಡಿ ಎಂದು. ಆ ಮಾತು ಒಂದು ದಿನ ತಪ್ಪಿದರೆ ಏನಾದೀತು ಎಂಬುದನ್ನು ನಮ್ಮೂರಿನ ಯಾವ ತಾಯಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹುಡೇವಿನ ಕೆಲಸ ಮನೆತನದಿಂದ ಬರುವುದಲ್ಲ, ಕಣ್ಣಿನಿಂದ ಬರುವುದು. ನಿಂಬವ್ವ ನನ್ನ ಕೈ ಹಿಡಿದು ಈ ಊರಿಗೆ ಬಂದ ಹೊಸದರಲ್ಲಿ, ಆಗ ಹುಡೇವು ಹತ್ತುತ್ತಿದ್ದ ಮುದುಕಿ, ಊರ ಹೆಣ್ಣುಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹಳ್ಳದಾಚೆ ಮೇಯುತ್ತಿದ್ದ ಆಡುಗಳನ್ನು ತೋರಿಸಿದಳಂತೆ. ಕರಿ ಆಡು, ಬಿಳಿ ಆಡು ಎಂದು ಎಲ್ಲರೂ ಹೇಳಿದರು. ನನ್ನ ಹೆಂಡತಿ ಮಾತ್ರ, "ಆ ಕರೀದರ ಬಲಗಿವಿ ಹರದೈತಿ" ಎಂದಳು. ಮುದುಕಿ ಮರುಮಾತಾಡದೆ ತನ್ನ ಕೋಲು ಕೊಟ್ಟುಬಿಟ್ಟಳು. ಅಂದಿನಿಂದ ನಿಂಬವ್ವ ಕೂಗಿದ್ದೇ ಊರು. ಅವಳ ಕಾಲದಲ್ಲಿ ಒಬ್ಬರೂ ಗಣಿಗೆ ಬಿದ್ದಿಲ್ಲ. ಇದನ್ನು ಅವಳು ಎಲ್ಲೂ ಹೇಳಿಕೊಳ್ಳುತ್ತಿರಲಿಲ್ಲ. ಹೇಳಿಕೊಳ್ಳಲು ನಾನಿದ್ದೆನಲ್ಲ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ವ್ಯಾನು ಬಂತು. ಅದರಿಂದ ಇಳಿದವರು ಮೆಹಜಬೀನ್ ಎಂಬ ಕಣ್ಣಿನ ಡಾಕ್ಟರು. ಸಣ್ಣ ಮೈಕಟ್ಟು, ದೊಡ್ಡ ನಗು. ಊರಿನ ಯಜಮಾನ ಅಂದಾನೆಪ್ಪನವರು ಅವರನ್ನು ಶಾಲೆಯಲ್ಲಿ ಕೂರಿಸಿ, ಸಣ್ಣವರು ದೊಡ್ಡವರು ಎಲ್ಲರೂ ಕಣ್ಣು ತೋರಿಸಿಕೊಳ್ಳಬೇಕು ಎಂದು ಡಂಗುರ ಹೊಡೆಸಿದರು. ನೋವಿದ್ದವರು ಮಾತ್ರವಲ್ಲ, ಏನೂ ಇಲ್ಲದವರೂ. ಇದೇ ಜನಕ್ಕೆ ಅರ್ಥವಾಗಲಿಲ್ಲ. ಏನೂ ಇಲ್ಲದ ಕಣ್ಣನ್ನು ಯಾಕೆ ತೋರಿಸುವುದು? ಕಣ್ಣು ತೆಗೆದು ತೊಳೆದು ತಿರುಗಿ ಇಡುತ್ತಾರೆ ಎಂದು ಬಾವಿಯ ಹತ್ತಿರ ಯಾರೋ ಹಬ್ಬಿಸಿದರು. ಡಂಗುರ ಹೊಡೆಸಿದ ಅಂದಾನೆಪ್ಪನವರಿಗೇ ಬಿಡುವು ಸಿಗಲಿಲ್ಲ. ಶಾಲೆಯ ಮುಂದೆ ನೊಣ ಹಾರಾಡುತ್ತಿತ್ತು.

ಕೊನೆಗೆ ನಾನೇ ಮೊದಲು ಹೋದೆ. ಧೈರ್ಯವಂತ ಎಂದಲ್ಲ. ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ದಾರವನ್ನು ಬಾಯಲ್ಲಿ ಚೀಪಿ ಚೀಪಿ ನಾಲಗೆಯೇ ಬಣ್ಣವಾಗಿತ್ತು. ಡಾಕ್ಟರು ಮೊದಲು ಮನೆಯಲ್ಲಿ ಯಾರಿಗಾದರೂ ಕಣ್ಣಿನ ಕಾಯಿಲೆ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಏನು ಔಷಧ ತಗೋತೀರಿ ಎಂದೆಲ್ಲ ಕೇಳಿದರು. ಆಮೇಲೆ ಒಂದು ಕಣ್ಣು ಮುಚ್ಚಿಸಿ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಮೇಲೆ ದಪ್ಪ, ಕೆಳಕೆಳಗೆ ಇರುವೆ. ಒಂದು ಯಂತ್ರದ ಮೇಲೆ ಗದ್ದ ಇಡಿಸಿ, ಹಣೆ ಒತ್ತಿಸಿ, ಬೆಳಕಿನ ಗೆರೆ ಬಿಟ್ಟು ನೋಡಿದರು. ಹನಿ ಹಾಕಿ ಕಣ್ಣಿನ ಒತ್ತಡ ಅಳೆದರು. ಇನ್ನೊಂದು ಹನಿ ಹಾಕಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ಕಣ್ಣಿನ ಕರಿಪಾಪೆ ಅಗಲವಾಗಿ ಲೋಕವೆಲ್ಲ ಬೆಣ್ಣೆಯಾಯಿತು. ಅಗಲವಾದ ಕಿಂಡಿಯಿಂದ ಒಳಗಿನ ಗೋಡೆಯನ್ನು ನೋಡುತ್ತಾರಂತೆ. ಎಲ್ಲ ಮುಗಿಸಿ, "ದೂರದ ನೋಟ ಚೆನ್ನಾಗಿದೆ ದ್ಯಾಮಣ್ಣನವರೇ. ಹತ್ತಿರಕ್ಕೆ ಮಾತ್ರ ಕನ್ನಡಕ. ವಯಸ್ಸಿನದು, ಗಾಬರಿ ಬೇಡ" ಎಂದರು. ಹೊರಗೆ ಬಂದರೆ ಬಿಸಿಲು ಸುಣ್ಣದ ಹಾಗೆ ಕಣ್ಣಿಗೆ ರಾಚಿತು. ಕಣ್ಣು ಕಿರಿದು ಮಾಡಿಕೊಂಡು ನಡೆದು, ನಮ್ಮದೆಂದು ನೇಕಾರರ ಮನೆ ಹೊಕ್ಕು, ಅವರ ಮಜ್ಜಿಗೆ ಕುಡಿದು ಬಂದೆ. ಸಂಜೆಯ ಹೊತ್ತಿಗೆ ಎಲ್ಲ ಸರಿಹೋಯಿತು.

"ನೀನೂ ಹೋಗಿ ಬಾ" ಎಂದು ನಿಂಬವ್ವನಿಗೆ ಹೇಳಿದೆ.

"ನನ್ನ ಕಣ್ಣಿನ ಪರೀಕ್ಷಾ ದಿನಾ ಮುಂಜಾನೆ ಆಗತೈತಿ" ಎಂದಳು. "ಇಡೀ ಊರ ಮುಂದ ಪಾಸಾಗೇನಿ. ಇನ್ನ ಆ ಡಾಕ್ಟರ ಬಾಯಾರ ಮುಂದ ಏನ ಪಾಸಾಗೂದು?"

ಮಾರನೆಯ ದಿನ ಡಾಕ್ಟರೇ ನಮ್ಮ ಮನೆಗೆ ಬಂದರು. ನಿಂಬವ್ವ ಚಹಾ ಕೊಟ್ಟಳು. ಡಾಕ್ಟರು ಬಟ್ಟಲು ಕೈಯಲ್ಲಿ ಹಿಡಿದೇ ಕೇಳಿದರು. "ಅಮ್ಮ, ಈ ಊರಲ್ಲಿ ನಿಮ್ಮ ದನಿ ಕೇಳಿ ಜನ ಬಾಗಿಲು ತೆಗೀತಾರೆ. ನೀವು ಬಂದರೆ ಅವರೂ ಬರ್ತಾರೆ. ನಿಮಗಾಗಿ ಬೇಡ, ಅವರಿಗಾಗಿ ಬನ್ನಿ."

ಇದು ಅವಳಿಗೆ ತಾಕಿತು. ಊರಿಗಾಗಿ ಎಂದರೆ ಅವಳು ಬೆಂಕಿಯನ್ನೂ ತುಳಿದಾಳು.

ಅವತ್ತು ಅವಳು ಹೋದದ್ದನ್ನು ನೋಡಬೇಕಿತ್ತು. ಇಳಕಲ್ ಸೀರೆಯುಟ್ಟು, ಹಣೆಗೆ ದುಂಡಗೆ ಕುಂಕುಮ ಇಟ್ಟು, ಕೋಲು ಊರಿಕೊಂಡು ಮುಂದೆ ಅವಳು, ಹಿಂದೆ ಅರ್ಧ ಊರು. ಶಾಲೆಯ ಕಿಟಕಿಗೆಲ್ಲ ಮುಖಗಳು ಜೋತುಬಿದ್ದವು. ಡಾಕ್ಟರು ಬಲಗಣ್ಣು ಮುಚ್ಚಿಸಿದರು. ಅವಳು ಓದುತ್ತಾ ಹೋದಳು. ಸಾಲು ಸಣ್ಣದಾದಂತೆ ಅವಳ ದನಿ ದೊಡ್ಡದಾಯಿತು. ಎಡಗಣ್ಣು ಮುಚ್ಚಿಸಿದರು. ಅದೂ ಹಾಗೆಯೇ. ಕೊನೆಯ ಸಾಲು ಮುಗಿಸಿ, "ಬುಡದಾಗ ಅಚ್ಚಿನ ಮನಿ ಹೆಸರೈತಿ, ಅದನ್ನೂ ಓದಲೇನ್ರಿ?" ಎಂದು ಕೇಳಿದಳು. ಕಿಟಕಿಯಲ್ಲಿದ್ದವರು ಸಿಳ್ಳೆ ಹೊಡೆದರು. ಅಂದಾನೆಪ್ಪನವರು ರುಮಾಲು ಎತ್ತಿ ಆಡಿಸಿದರು. ನನಗಂತೂ ಎದೆ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತು.

"ಆತಲ್ರಿ?" ಎಂದು ನಿಂಬವ್ವ ಏಳಹೋದಳು.

"ಇನ್ನೂ ಇದೆ ಅಮ್ಮ, ಕೂತ್ಕೊಳ್ಳಿ" ಎಂದು ಡಾಕ್ಟರು ಕಿಟಕಿ ಬಾಗಿಲು ಮುಚ್ಚಿಸಿದರು. ಒಳಗೆ ನಾವು ಮೂವರೇ ಉಳಿದೆವು.

ನನಗೆ ಮಾಡಿದ್ದನ್ನೆಲ್ಲ ಅವಳಿಗೂ ಮಾಡಿದರು. ಒತ್ತಡ ಅಳೆಯುವಾಗ ಮಾತ್ರ ಎರಡು ಸಲ ಅಳೆದರು. ಮೂರನೆಯ ಸಲವೂ ಅಳೆದರು. ನಗು ಹಾಗೆಯೇ ಇತ್ತು, ಮಾತು ಮಾತ್ರ ನಿಂತಿತು. ಆಮೇಲೆ ಅವಳ ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತು, ಬಲಗಣ್ಣು ಮುಚ್ಚಿಕೊಳ್ಳಲು ಹೇಳಿದರು.

"ನನ್ನ ಮೂಗನ್ನೇ ನೋಡ್ತಾ ಇರಿ. ಆಚೀಚೆ ಕಣ್ಣು ಹೊರಳಿಸಬೇಡಿ. ಪಕ್ಕದಲ್ಲಿ ನನ್ನ ಬೆರಳು ಆಡಿದ್ದು ಕಂಡ ಕೂಡಲೇ ಹೇಳಿ."

ನಿಂಬವ್ವ ನೋಡಿದಳು. ಡಾಕ್ಟರು ತೋಳು ಚಾಚಿ, ಅವಳ ಎಡ ಮಗ್ಗುಲಿನಿಂದ ಬೆರಳು ಆಡಿಸುತ್ತ ನಿಧಾನವಾಗಿ ಒಳಗೆ ತಂದರು. ಮೂಲೆಯಲ್ಲಿ ಕೂತಿದ್ದ ನನಗೆ ಬೆರಳು ಕಾಣುತ್ತಿತ್ತು. ಅವಳು ಸುಮ್ಮನಿದ್ದಳು. ಬೆರಳು ಇನ್ನೂ ಒಳಗೆ ಬಂತು. ಅವಳು ಸುಮ್ಮನಿದ್ದಳು. ಕೂಗಿ ಹೇಳಿಬಿಡಬೇಕು ಅನ್ನಿಸಿ ನಾನು ಬಾಯಿಗೆ ಕೈ ಅಡ್ಡ ಹಿಡಿದೆ.

"ಯಾವಾಗ ಆಡಸ್ತೀರವ್ವಾ ಬೆರಳ?" ಎಂದು ಕೇಳಿದಳು ನಿಂಬವ್ವ.

"ಆಡಿಸ್ತಾ ಇದೀನಿ ಅಮ್ಮ" ಎಂದರು ಡಾಕ್ಟರು.

ಬೆರಳು ಡಾಕ್ಟರ ಕಿವಿಯ ಹತ್ತಿರ ಬಂದ ಮೇಲೆ ಅವಳಿಗೆ ಕಂಡಿತು. ಹನಿ ಹಾಕಿ, ಪಾಪೆ ಅಗಲಿಸಿ, ಬೆಳಕು ಹಿಡಿದು ಡಾಕ್ಟರು ಬಹಳ ಹೊತ್ತು ಒಳಗೆ ನೋಡಿದರು. ಆಮೇಲೆ ದೀಪ ಆರಿಸಿ ಅವಳ ಕೈ ತಮ್ಮ ಕೈಯಲ್ಲಿ ತೆಗೆದುಕೊಂಡರು. "ಇದಕ್ಕೆ ಗ್ಲಾಕೋಮಾ ಅಂತಾರೆ. ಕಣ್ಣೊಳಗಿನ ನೀರಿನ ಒತ್ತಡ ಏರಿದೆ. ಕಣ್ಣಿಂದ ಮಿದುಳಿಗೆ ಹೋಗೋ ನರ ಸವೀತಾ ಬಂದಿದೆ. ಎಡಗಣ್ಣಲ್ಲಿ ಹೆಚ್ಚು, ಬಲಗಣ್ಣಲ್ಲಿ ಈಗಷ್ಟೇ ಶುರು. ಮೊದಲು ನೋಟದ ಅಂಚು ಹೋಗುತ್ತೆ, ನಡುವಿನದು ಕೊನೆಗೆ. ಅದಕ್ಕೇ ಅಕ್ಷರವೆಲ್ಲ ಓದಿದಿರಿ."

"ನೋವಿಲ್ಲ, ನೀರು ಸೋರಿಲ್ಲ" ಎಂದಳು ನಿಂಬವ್ವ. "ಅಂಚ ಹೋಗಿದ್ರ ಅಲ್ಲಿ ಕತ್ತಲಿ ಕಾಣಬೇಕಲ್ಲ?"

"ಕತ್ತಲೆ ಕಾಣಲ್ಲ ಅಮ್ಮ. ಏನೂ ಕಾಣಲ್ಲ. ಈಗ ನಿಮ್ಮ ಬೆನ್ನ ಹಿಂದೆ ಕತ್ತಲೆ ಕಾಣ್ತಿದೆಯಾ?"

ನಿಂಬವ್ವ ತಲೆ ಹೊರಳಿಸಿ ಬೆನ್ನ ಹಿಂದೆ ನೋಡಿದಳು. ನನಗೆ ಮನೆಯ ಸಂಗತಿಗಳು ನೆನಪಾದವು. ಈಚೆಗೆ ಅವಳ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯುವುದು, ಎಡಗಡೆ ಇಟ್ಟ ನೀರಿನ ತಂಬಿಗೆ ಉರುಳುವುದು. ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡುತ್ತಾಳೆ ಎಂದುಕೊಂಡು ನಾನು ತೆಪ್ಪಗಿರುತ್ತಿದ್ದೆ.

"ಹೋದದ್ದು ತಿರುಗಿ ಬರತೈತೇನ್ರಿ?"

"ಬರಲ್ಲ. ಆದರೆ ಇರೋದನ್ನ ಉಳಿಸ್ಕೋಬಹುದು. ದಿನಾ ಸಂಜೆ ಈ ಹನಿ, ಎರಡೂ ಕಣ್ಣಿಗೆ. ಜೀವ ಇರೋವರೆಗೆ ಬಿಡಬಾರದು. ವರ್ಷ ವರ್ಷ ನಾನು ಬಂದು ನೋಡ್ತೀನಿ." ಡಾಕ್ಟರು ಮತ್ತೂ ಒಂದು ಮಾತು ಹೇಳಿದರು. "ಇದು ನಿಮ್ಮ ಕಣ್ಣಿನ ವಿಷಯ. ನಾನು ಯಾರಿಗೂ ಹೇಳಲ್ಲ. ಹೇಳೋದು ಬಿಡೋದು ನಿಮಗೆ ಸೇರಿದ್ದು. ಆದರೆ ಅಷ್ಟು ಎತ್ತರದಲ್ಲಿ ನಿಂತು ನೀವು ಮಾಡೋ ಕೆಲಸ ಎಂಥದು ಅಂತ ನಿಮಗೇ ಗೊತ್ತು."

"ನನ್ನ ಕಾಲದಾಗ ಒಬ್ಬರೂ ಬಿದ್ದಿಲ್ಲ" ಎಂದಳು ನಿಂಬವ್ವ. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊರಗೆ ಜನ ಇನ್ನೂ ಕುಣಿಯುತ್ತಿದ್ದರು. ಸಂಜೆ ಅಂದಾನೆಪ್ಪನವರು ನಮ್ಮ ಕಟ್ಟೆಗೆ ಬಂದು ಕೂತರು. "ಬಾಯಾರೇ ದಂಗಾಗಿ ಹೋದ್ರಲ್ಲವಾ! ಬರೋ ಸೋಮವಾರ ಬಾವಿ ಕಟ್ಟಿ ಮ್ಯಾಲ ಸನ್ಮಾನ. ಶಾಲು, ಹಾರ, ಎಲ್ಲಾ ಹೇಳೇನಿ. ಇಂಥಾ ಕಣ್ಣು ಹತ್ತೂರಾಗ ಇಲ್ಲ." ಅಂಗಳದಲ್ಲಿ ಜೋಳದ ಕಾಳು ಹಸನು ಮಾಡುತ್ತಿದ್ದ ನಿಂಬವ್ವ ಮೊರದಿಂದ ತಲೆ ಎತ್ತದೆ, "ನಾಳೆ ಮಾತಾಡೋಣು ಬಿಡ್ರಿ" ಎಂದಳು. ಅವರು ಹೋದ ಮೇಲೆ ಗೋಡೆಗೆ ತಲೆ ಕೊಟ್ಟು ಕೂತು, ನನ್ನ ಕೈಯಲ್ಲಿ ಹನಿ ಹಾಕಿಸಿಕೊಂಡಳು. ಕಣ್ಣು ಮುಚ್ಚಿಕೊಂಡೇ ಹೇಳಿದಳು, "ನಾಳೆ ಮುಂಜಾನೆ ನನ್ನ ಜೋಡಿ ಹುಡೇವು ಹತ್ತು."

ನನಗೆ ಮೈ ಜುಮ್ಮೆಂದಿತು. ಹುಡೇವು ಹತ್ತುವುದು ಕೂಗುವವಳು ಒಬ್ಬಳೇ. ಗಂಡನಾದರೂ ಕೆಳಗಿನ ಮೆಟ್ಟಿಲು ತುಳಿಯುವಂತಿಲ್ಲ. ಆ ಕಟ್ಟಳೆಯನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದವಳು ಅವಳೇ.

ಬೆಳಗಿನ ತಂಪಿನಲ್ಲಿ ಹಿತ್ತಲಿಂದ ಹೊರಟು ಅವಳ ಹಿಂದೆ ಹತ್ತಿದೆ. ಮೇಲೆ ಹೋಗಿ ನಿಂತಾಗ ಇಷ್ಟು ವರ್ಷ ಅವಳೊಬ್ಬಳೇ ಕಂಡ ಊರನ್ನು ನಾನೂ ಕಂಡೆ. ಇನ್ನೂ ಬಾಗಿಲು ತೆರೆಯದ ಮನೆಗಳು, ಮಾಳಿಗೆಗಳ ಮೇಲೆ ಎದ್ದ ಹೊಗೆ, ದನಿಗಾಗಿ ಕಾದ ಮೌನ. ಅವಳು ಬಲಗಡೆಯಿಂದ ಶುರುಮಾಡಿದಳು. ಎಂಥ ದನಿ! ಕಂಚಿನ ತಟ್ಟೆಗೆ ಬಡಿದ ಹಾಗೆ. "ಗಾಣಿಗೇರ ಓಣಿ ಸಾಲಿ ಹಿಂದ! ಮಸೂತಿ ಓಣಿ ಮೂಡಲಕ್ಕ! ದರ್ಜೇರ ಓಣಿ ಹಳ್ಳದ ದಂಡಿಗೆ!" ಒಂದೊಂದು ಹೆಸರಿಗೂ ಅಲ್ಲಲ್ಲಿ ಅಗುಳಿ ಸರಿದ ಸದ್ದು ಮೇಲಕ್ಕೆ ಕೇಳುತ್ತಿತ್ತು. ಎಡಗಡೆಗೆ ಹೊರಳಿದಳು. ನೇಕಾರ ಓಣಿಯ ಮಾಳಿಗೆಗಳ ಮೇಲೆ ಒಣಹಾಕಿದ ಬಣ್ಣದ ನೂಲು ಕಂಡಿತು. ಅವಳ ನೋಟ ಅಲ್ಲಿಗೇ ನಿಂತಿತು. "ಗಣಿ ದಂಡಿಗೆ ನೇಕಾರ ಓಣಿ! ಬಾಗಲಾ ಹಿಡೀರಿ!" ಎಂದಳು.

ಉಳಿದದ್ದು ಕುಂಬಾರ ಓಣಿ. ಊರಿನ ಬಡಗಣಕ್ಕೆ ದಟ್ಟವಾದ ಹುಣಸೆಯ ತೋಪಿದೆ. ಅದರ ಹಿಂದೆ ಹೋಗಿ ನಿಂತ ಓಣಿ ಹುಡೇವಿಗೂ ಕಾಣುವುದಿಲ್ಲ. ಎಲ್ಲೂ ಕಾಣದ ಓಣಿ ತೋಪಿನ ಹಿಂದಿದೆ ಎಂದು ಮೊದಲಿನಿಂದ ರೂಢಿ. ಅವಳು ಉಸಿರು ತೆಗೆದುಕೊಂಡು, "ಕುಂಬಾರ ಓಣಿ ತೋಪಿನ ಹಿಂದ!" ಎಂದು ಕೂಗಿದಳು.

ಅದೇ ಗಳಿಗೆಗೆ ನಾನು ಕಂಡೆ. ನೇಕಾರರ ನೂಲಿನಾಚೆ, ಅವಳ ಎಡಗೆನ್ನೆಯ ನೇರಕ್ಕೆ, ಗಣಿಯ ಬಾಯಿಗೆ ಅಂಟಿಕೊಂಡ ಹಾಗೆ ಇನ್ನೊಂದು ಓಣಿ. ಮಾಳಿಗೆಯ ತುಂಬ ಬೋರಲು ಹಾಕಿದ ಮಡಕೆಗಳು.

"ನಿಂಬವ್ವಾ, ಎಡಕ್ಕ! ಇನ್ನೂ ಎಡಕ್ಕ!" ಎಂದು ಕಿರುಚಿದೆ.

ಅವಳು ಇಡೀ ಮೈ ತಿರುಗಿಸಿದಳು. ಕಂಡಳು. ಅವಳ ಮುಖ ನನಗೆ ಕಾಣಲಿಲ್ಲ, ಬೆನ್ನು ಕಂಡಿತು. ಅದು ಒಂದು ಕ್ಷಣವೂ ಬಾಗಲಿಲ್ಲ. "ಕುಂಬಾರ ಓಣೀ!" ಎಂದು ಅವಳು ಒದರಿದ ದನಿಗೆ ತೋಪಿನ ಕಾಗೆಗಳೆಲ್ಲ ಎದ್ದವು. "ಬಾಗಲಾ ಹಿಡೀರಿ! ಗಣಿ ದಂಡಿಗೆ ನೀವದೀರಿ! ನಾ ತಪ್ಪ ಹೇಳೇನಿ! ಬಾಗಲಾ ಹಿಡೀರಿ!"

ಆ ಓಣಿಯ ತುದಿಮನೆಯ ಕುಂಬಾರ ಈರಣ್ಣ ಆಗಲೇ ಬಾಗಿಲು ತೆಗೆದು, ಕೈಯಲ್ಲೊಂದು ಗಡಿಗೆ ಹಿಡಿದು ಕಾಲು ಹೊರಗೆ ಇಟ್ಟಿದ್ದ. ಮನೆಯೊಳಗಿಂದ ಅವನ ಹೆಂಡತಿ ಫಕ್ಕೀರವ್ವ ನಿಂಬವ್ವನ ಒದರಾಟ ಕೇಳಿದ್ದೇ ಓಡಿಬಂದು ಗಂಡನ ಧೋತರದ ಕಚ್ಚೆಗೆ ಎರಡೂ ಕೈ ಹಾಕಿ ಹಿಂದಕ್ಕೆ ಜಗ್ಗಿದಳು. ಗಂಡ ಹೆಂಡತಿ ಒಳಗೆ ಬಿದ್ದರು. ಗಡಿಗೆ ಹೊರಗೆ ಬಿತ್ತು. ಅದು ಒಡೆದ ಸದ್ದು ಬಹಳ ತಡವಾಗಿ, ಬಹಳ ಕೆಳಗಿನಿಂದ ಬಂತು.

ನಾನು ಅಲ್ಲೇ ಕುಸಿದು ಕೂತೆ. ನಿಂಬವ್ವ ಕೂರಲಿಲ್ಲ. ಅವಳು ಆಗ ಕೆಳಗಿಳಿದಿದ್ದರೆ ಊರು ಏನೋ ಒಂದು ಕಾರಣ ಹುಡುಕಿ ಮರೆತುಬಿಡುತ್ತಿತ್ತೇನೋ. ಮಂಜು ಇತ್ತು, ಹೊಗೆ ಇತ್ತು, ಅಂದಾನೆಪ್ಪನವರೇ ಹೇಳಿಕೊಡುತ್ತಿದ್ದರು. ಅವಳು ಹುಡೇವಿನ ಅಂಚಿಗೆ ಬಂದು ಎರಡೂ ಕೈ ಸೊಂಟಕ್ಕಿಟ್ಟು ನಿಂತಳು.

"ಊರಾಗಿನವರೆಲ್ಲಾ ಕೇಳ್ರಿ! ನನ್ನ ಕಣ್ಣಿನ ಎಡದ ಅಂಚು ಹೋಗೇತಿ. ನಿನ್ನೆ ಬಾಯಾರು ಹೇಳಿದ್ರು, ಇವತ್ತ ನನಗ ಖರೆ ಅನಿಸ್ತು. ನೋವಿಲ್ಲ, ಉರಿಯಿಲ್ಲ. ಬುಡದ ಅಕ್ಷರದ ತನಕ ಓದೇನಿ, ಆದರೂ ಹೋಗೇತಿ. ನನಗ ಗೊತ್ತಾಗಲಿಲ್ಲ ಅಂದ್ರ ನಿಮಗೂ ಗೊತ್ತಾಗೂದಿಲ್ಲ. ಇವತ್ತ ಎಲ್ಲಾರೂ ಸಾಲಿಗೆ ಹೋಗಿ ಕಣ್ಣ ತೋರಿಸಿಕೊಳ್ರಿ. ಇದು ಹುಡೇವಿನ ಕೂಗು!"

ಹುಡೇವಿನ ಕೂಗನ್ನು ನಮ್ಮೂರು ಎಂದೂ ಮೀರಿದ್ದಿಲ್ಲ. ಅವಳು ಮೆಟ್ಟಿಲಿಳಿದು ಬರುವಷ್ಟರಲ್ಲಿ ಶಾಲೆಯ ಮುಂದೆ ಜನ ಸೇರಿದ್ದರು. ನನಗೆ ಹಿಂದಿನ ದಿನದ ಸಿಳ್ಳೆಗಿಂತ ಆ ಸಾಲು ಹೆಚ್ಚು ಹೆಮ್ಮೆ ತಂದಿತು. ಎದೆ ಬಡಿದುಕೊಂಡು ಹೇಳುತ್ತೇನೆ, ಅಂಥ ಮಾತು ಆಡಲು ಎಂಟೆದೆ ಬೇಕು.

ಮಧ್ಯಾಹ್ನ ಬಾವಿಯ ಕಟ್ಟೆಗೆ ಹಿರಿಯರು ಕೂಡಿದರು. ಡಾಕ್ಟರೂ ಬಂದು ಬದಿಗೆ ನಿಂತರು. ಅಂದಾನೆಪ್ಪನವರು ಗಂಟಲು ಸರಿಮಾಡಿಕೊಂಡು, "ನಿಂಬವ್ವಾ, ದುಡದೀ, ದಣದೀ. ಶಾಲು ಹೊದಿಸ್ತೀವಿ. ಇನ್ನ ಮನ್ಯಾಗ ಆರಾಮ ಕೂಡು. ಹೊಸಾ ಕಣ್ಣ ಹುಡಕ್ತೀವಿ" ಎಂದರು.

ಈರಣ್ಣ ಮುಂದಕ್ಕೆ ನುಗ್ಗಿದ. "ನಾ ಸತ್ತಿದ್ರ ಶಾಲು ಯಾರಿಗೆ ಹೊದಸ್ತಿದ್ರಿ?" ಎಂದು ಹರಿಹಾಯ್ದ.

"ನೀ ಸತ್ತಿದ್ರ ನಾ ಇಲ್ಲಿ ನಿಂತಿರತಿದ್ದಿಲ್ಲ ಈರಣ್ಣ" ಎಂದಳು ನಿಂಬವ್ವ. ಅವಳು ಅತ್ತಿರಲಿಲ್ಲ, ಆದರೆ ದನಿಯಲ್ಲಿ ಕಂಚು ಇರಲಿಲ್ಲ.

ಆಗ ಫಕ್ಕೀರವ್ವ ಎದ್ದಳು. ಸಭೆಯಲ್ಲಿ ಎಂದೂ ಬಾಯಿಬಿಟ್ಟವಳಲ್ಲ. ಸೆರಗು ಬಿಗಿದು ಗಂಡನ ಕಡೆಗೇ ತಿರುಗಿದಳು. "ನಿನ್ನ ಧೋತರ ಹಿಡಿದಾಕಿ ನಾ. ನನ್ನನ್ನ ಎಬ್ಬಿಸಿದ ದನಿ ಯಾರದು? ತಪ್ಪ ಆತು ಅಂತ ಇಡೀ ಊರಿಗೆ ಕೇಳೂ ಹಂಗ ಒದರಿದ್ಲಲ್ಲ, ಅಂಥಾ ಗಂಡಸು ಇಲ್ಲಿ ಎಷ್ಟ ಮಂದಿ ಅದೀರಿ, ಕೈ ಎತ್ತರಿ ನೋಡೋಣು."

ಯಾರೂ ಕೈ ಎತ್ತಲಿಲ್ಲ. ನಿಂಬವ್ವ ಫಕ್ಕೀರವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಹಿರಿಯರ ಕಡೆ ತಿರುಗಿದಳು. "ಶಾಲು ನನಗ ಬ್ಯಾಡ್ರಿ. ಬಲಗಡೆ ನಂದು, ಅದರಾಗ ನಾ ಇನ್ನೂ ಗಟ್ಟಿ ಅದೇನಿ. ಎಡಗಡೆಗೆ ಒಬ್ಬಾಕಿ ಬೇಕು. ಈಕೀನ ಕೊಡ್ರಿ."

"ನನಗ ಅಕ್ಷರಾ ಬರಂಗಿಲ್ಲ ಯವ್ವಾ, ಕಣ್ಣಿನ ಪರೀಕ್ಷಾ ಹೆಂಗ ಕೊಡಲಿ?" ಎಂದು ಫಕ್ಕೀರವ್ವ ಹಿಂದೆ ಸರಿದಳು.

ಡಾಕ್ಟರು ನಕ್ಕರು. "ಅಕ್ಷರ ಬೇಡಮ್ಮ. ಮೂರು ಕಾಲಿನ ಗುರುತು ಇರುತ್ತೆ, ಕಾಲು ಯಾವ ಕಡೆ ಇದೆ ಅಂತ ಕೈಯಲ್ಲಿ ತೋರಿಸಿದರೆ ಸಾಕು. ಬನ್ನಿ."

ಅವಳು ತೋರಿಸಿದಳು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಕೊನೆಯ ಸಾಲಿನವರೆಗೆ. ಬೆರಳಿನ ಪರೀಕ್ಷೆಯಲ್ಲಿ ಡಾಕ್ಟರು ಚಾಚಿದ ಕೈ ಒಳಗೆ ತರುವ ಮೊದಲೇ "ಕಂಡ್ತು" ಎಂದಳು. ಅಷ್ಟಾದ ಮೇಲೆ ಅಂದಾನೆಪ್ಪನವರು ಆಗಲಿ ಎಂದು ತಲೆಯಾಡಿಸಿದರು. ಮರುದಿನ ಮುಂಜಾನೆ ಹುಡೇವಿನ ಮೇಲೆ ಇಬ್ಬರು ಹೆಂಗಸರು ಬೆನ್ನಿಗೆ ಬೆನ್ನು ಕೊಟ್ಟು ನಿಂತರು. ಒಂದು ಕಂಚಿನ ದನಿ, ಇನ್ನೊಂದು ಹೊಸ ಗಡಿಗೆಯ ದನಿ. ಮೊದಮೊದಲು ಇಬ್ಬರೂ ಒಟ್ಟಿಗೆ ಕೂಗಿ ಊರಿಗೆ ಏನೂ ತಿಳಿಯದೆ ಜನ ನಕ್ಕರು. ಆಮೇಲೆ ಬಿಡುವು ಕೊಡುವುದನ್ನು ಕಲಿತರು. ತೋಪಿನ ಹಿಂದಿನ ಓಣಿಯನ್ನು ಈಗ ಊಹೆಯ ಮೇಲೆ ಕೂಗುವುದಿಲ್ಲ; ತೋಪಿನ ಎತ್ತರದ ಹುಣಸೆಗೆ ಈರಣ್ಣನೇ ಹಿತ್ತಲಿಂದ ಹೋಗಿ ಹತ್ತಿ ಕೈ ಬೀಸುತ್ತಾನೆ.

ಆ ಸಲದ ತಪಾಸಣೆಯಲ್ಲಿ ಏನೇನು ಸಿಕ್ಕಿತು ಎಂದು ಹೇಳಿದರೆ ನೀವು ನಂಬಲಾರಿರಿ. ಶಾಲೆಯ ಮಕ್ಕಳಲ್ಲಿ ದಡ್ಡರೆಂದು ಹಿಂದಿನ ಬೆಂಚಿಗೆ ಹಾಕಿದ್ದವರಲ್ಲಿ ಅರ್ಧ ಜನಕ್ಕೆ ಹಲಗೆಯೇ ಕಾಣುತ್ತಿರಲಿಲ್ಲ. ಗಾಣಿಗೇರ ಓಣಿಯ ಮುದುಕರಿಗೆ ಪೊರೆ ಬಂದಿತ್ತು. ಮಸೂತಿ ಓಣಿಯ ಒಬ್ಬ ಬಾಣಂತಿಗೆ, ನೇಕಾರರಲ್ಲಿ ಒಬ್ಬನಿಗೆ ನಿಂಬವ್ವನದೇ ಕಾಯಿಲೆ, ಆದರೆ ಇನ್ನೂ ಬೀಜದಲ್ಲೇ ಇತ್ತು. ಅವರಿಬ್ಬರೂ ಸಂಜೆಯಾದರೆ ನಮ್ಮ ಕಟ್ಟೆಗೆ ಬಂದು, ನಿಂಬವ್ವನ ಜೊತೆ ಕೂತು, ಗೋಡೆಗೆ ತಲೆ ಆನಿಸಿ ಹನಿ ಹಾಕಿಸಿಕೊಳ್ಳುತ್ತಾರೆ. ಹನಿ ಹಾಕುವವನು ನಾನು. ಇಂಥವರ ಮನೆ ಎಲ್ಲಿ ಎಂದು ನೆಂಟರು ಕೇಳಿದರೆ ಈಗ, ಹನಿ ಹಾಕೋ ದರ್ಜಿಯ ಮಗ್ಗುಲು ಎನ್ನುತ್ತಾರೆ.

ಮರುವರ್ಷ ಸುಗ್ಗಿ ಮುಗಿಯುತ್ತಲೇ ಡಾಕ್ಟರು ಮಾತಿನಂತೆ ಬಂದರು. ಈ ಸಲ ಡಂಗುರ ಬೇಕಾಗಲಿಲ್ಲ. ನಿಂಬವ್ವನನ್ನು ಮೊದಲು ಕೂರಿಸಿ ಒತ್ತಡ ಅಳೆದರು, ಬೆಳಕು ಬಿಟ್ಟು ನೋಡಿದರು, ಬೆರಳು ಆಡಿಸಿದರು. ಡಾಕ್ಟರು ದೀಪ ಆರಿಸಿ, "ಹೋದ ವರ್ಷ ಎಷ್ಟಿತ್ತೋ ಅಷ್ಟೇ ಇದೆ ಅಮ್ಮ. ಒಂದು ಕೂದಲೆಳೆಯಷ್ಟೂ ಹೋಗಿಲ್ಲ" ಎಂದರು. ನಿಂಬವ್ವ ಸೀರೆಯ ನೆರಿಗೆ ಕೊಡವಿ ಎದ್ದಳು. ಬುಡದ ಸಾಲು ಓದಿದ ದಿನವೂ ಅವಳ ಮುಖ ಅಷ್ಟು ಗೆಲುವಾಗಿರಲಿಲ್ಲ.

ಹೊರಗೆ ಬಂದರೆ ಸಾಲಿನ ಕಟ್ಟಕಡೆಗೆ, ಕಂಬದ ಮರೆಯಲ್ಲಿ ಅಂದಾನೆಪ್ಪನವರು ನಿಂತಿದ್ದರು. ಹೋದ ವರ್ಷ ಹುಡೇವಿನ ಕೂಗಿಗೂ ಅವರೊಬ್ಬರಿಗೆ ಬಿಡುವಾಗಿರಲಿಲ್ಲ. ಮುಖ ಬೆವರಿತ್ತು. ನಿಂಬವ್ವ ಕಣ್ಣು ಕಿರಿದು ಮಾಡಿಕೊಂಡು, ತಲೆ ಪೂರ್ತಿ ಎಡಕ್ಕೆ ಹೊರಳಿಸಿ ಅವರನ್ನು ಗುರುತಿಸಿದಳು. ಹೋಗಿ ಅವರ ಮುಂಗೈ ಹಿಡಿದಳು. ಸಾಲಿನವರು ದಾರಿ ಬಿಟ್ಟರು.

"ಬರ್ರಿ, ಏನೇನ ಮಾಡ್ತಾರ ಅಂತ ಹೇಳ್ತೀನಿ" ಎಂದಳು. "ಮೊದಲ ಅಕ್ಷರ ಓದಸ್ತಾರ, ಅವಸರ ಬ್ಯಾಡ. ಆಮ್ಯಾಲ ಗದ್ದ ಇಡು ಅಂತಾರ, ಇಡ್ರಿ. ಹನಿ ಒಂಚೂರು ಉರೀತೈತಿ, ತಡಕೊಳ್ರಿ. ಬೆಳಕು ಬಿಟ್ಟಾಗ ಕಣ್ಣ ಮುಚ್ಚಬ್ಯಾಡ್ರಿ, ಅದು ನಿಮ್ಮೊಳಗ ನೋಡೂ ಬೆಳಕು. ಸಂಜೀತನಕ ಮಬ್ಬ ಇರತೈತಿ, ನಮ್ಮ ಮನೆಯವರು ಮನೀತನಕ ಬಿಟ್ಟ ಬರ್ತಾರ. ಮತ್ತ ಬೆರಳ ಆಡಿಸಿ ಕೇಳ್ತಾರ. ಕಾಣಲಿಲ್ಲ ಅಂದ್ರ ಕಾಣಲಿಲ್ಲ ಅನ್ರಿ. ಯಜಮಾನ ಅಂತ ಸುಳ್ಳ ಹೇಳಬ್ಯಾಡ್ರಿ."

ಬಾಗಿಲ ಹತ್ತಿರ ಅಂದಾನೆಪ್ಪನವರ ಕಾಲು ತಡೆಯಿತು. "ಕಾಣಲಿಲ್ಲ ಅಂದ್ರ ಏನ ಮಾಡೂದವಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಕಾಣೂ ಮಂದಿ ಊರ ತುಂಬ ಅದೀವಲ್ರಿ" ಎಂದಳು ನನ್ನ ಹೆಂಡತಿ. "ನಡೀರಿ."

ಅಂದಾನೆಪ್ಪನವರು ರುಮಾಲು ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ಹೋದರು.